ಹೈಡ್ರೋಜನ್ ಹುಡುಕಲು ಹೋಗಿ ಕಾರ್ಬನ್ ಮಾನಾಕ್ಸೈಡ್ ಎಣಿಸಿದ್ದು

ಗೆರೆ ಅರ್ಧವೇ ಬಂದಿತ್ತು.

ಒಂದು ವರ್ಷ ಕಾದಿದ್ದ ಡೇಟಾ ಅದು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿರುವ ಆಲ್ಮಾ ದೂರದರ್ಶಕ ನನ್ನ ಕ್ವೇಸಾರನ್ನು ನೋಡಿ ಕಳಿಸಿತ್ತು. ರಾತ್ರಿಯೆಲ್ಲ ಡೌನ್‌ಲೋಡ್ ಆಯಿತು. ಬೆಳಿಗ್ಗೆ ಕಾಫಿ ಹಿಡಿದುಕೊಂಡು ಸ್ಪೆಕ್ಟ್ರಮ್, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಬೆಳಕು ಅಂತ ತೋರಿಸುವ ಚಿತ್ರ, ಬಿಡಿಸಿದೆ. ಒಂದು ಅಣು ತನ್ನದೇ ಫ್ರೀಕ್ವೆನ್ಸಿಯಲ್ಲಿ ಬಿಡುವ ಬೆಳಕು ಅದರಲ್ಲಿ ಬೆಟ್ಟದಂತೆ ಏಳುತ್ತದೆ, ಅದಕ್ಕೇ ಗೆರೆ ಅನ್ನುತ್ತೇವೆ. ಬಲಗಡೆಯಿಂದ ಉದ್ದಕ್ಕೂ ಬರೀ ಗದ್ದಲ. ಎಡತುದಿಗೆ ಬರುವಾಗ ನಿಧಾನಕ್ಕೆ ಏರಿತು, ಏರಿತು, ಶಿಖರ ಬಂತು ಅನ್ನುವಷ್ಟರಲ್ಲಿ ಚಿತ್ರವೇ ಮುಗಿದುಹೋಯಿತು. ಬೆಟ್ಟವನ್ನು ನಡುವೆ ಕೊಯ್ದು ಅರ್ಧ ಮಾತ್ರ ತಂದು ಇಟ್ಟ ಹಾಗೆ. ಉಳಿದರ್ಧ ನಾನು ಕೇಳದೇ ಇದ್ದ ಫ್ರೀಕ್ವೆನ್ಸಿಯಲ್ಲಿತ್ತು.

ದೂರದರ್ಶಕದ ತಪ್ಪೇನೂ ಇರಲಿಲ್ಲ. ಎಲ್ಲಿ ನೋಡು ಅಂದಿದ್ದೆನೋ ಅಲ್ಲೇ ನೋಡಿತ್ತು. ತಪ್ಪು ನನ್ನದು. ಅದು ಹೇಗಾಯಿತು ಅಂತ ಹೇಳಬೇಕಾದರೆ ನಾನು ಹುಡುಕುತ್ತಿದ್ದದ್ದು ಏನು ಅನ್ನುವುದರಿಂದ ಶುರು ಮಾಡಬೇಕು.

ಕ್ವೇಸಾರ್ ಅಂದರೆ ಗ್ಯಾಲಕ್ಸಿಯೊಂದರ ನಡುವಿನ ಕಪ್ಪುಕುಳಿ, ಸುತ್ತಲಿನ ಅನಿಲವನ್ನು ನುಂಗುತ್ತಾ ಉರಿಯುತ್ತಿರುವ ಜಾಗ. ಕಪ್ಪುಕುಳಿ ಬೆಳಗುವುದಿಲ್ಲ, ಅದರೊಳಗೆ ಬೀಳುವ ಅನಿಲ ಬೆಳಗುತ್ತದೆ. 1963ರಲ್ಲಿ ಮಾರ್ಟನ್ ಸ್ಮಿಟ್ 3ಸಿ 273 ಅನ್ನುವ 'ನಕ್ಷತ್ರ' ನಕ್ಷತ್ರವಲ್ಲ, ಬಹಳ ದೂರದ ವಸ್ತು ಅಂತ ಕಂಡುಕೊಂಡರು. ಈಗ ಅದಕ್ಕಿಂತ ಎಷ್ಟೋ ದೂರದವು ಸಿಕ್ಕಿವೆ. ನನ್ನದರ ಬೆಳಕು ಹೊರಟಾಗ ವಿಶ್ವಕ್ಕೆ ಸುಮಾರು 90 ಕೋಟಿ ವರ್ಷ ಆಗಿತ್ತು ಅಷ್ಟೇ. ಇವತ್ತಿನ ವಯಸ್ಸು 1,380 ಕೋಟಿ ವರ್ಷ. ಅಷ್ಟು ಎಳೆಯ ವಿಶ್ವದಲ್ಲಿ 100 ಕೋಟಿ ಸೂರ್ಯರ ತೂಕದ ಕಪ್ಪುಕುಳಿ ಕೂತಿದೆ. ಇಷ್ಟು ಬೇಗ ಇಷ್ಟು ದಪ್ಪ ಆಗಬೇಕಾದರೆ ತಿಂದದ್ದೇನು? ಅದರ ಮನೆ, ಅಂದರೆ ಸುತ್ತಲಿನ ಗ್ಯಾಲಕ್ಸಿ, ಹೇಗಿದೆ? ಅಡುಗೆಮನೆಯಲ್ಲಿ ಇನ್ನೂ ಎಷ್ಟು ಸಾಮಾನು ಉಳಿದಿದೆ?

ಸಾಮಾನು ಅಂದರೆ ತಣ್ಣನೆಯ ಹೈಡ್ರೋಜನ್ ಅಣುಗಳು. ನಕ್ಷತ್ರ ಹುಟ್ಟುವುದೂ ಅದರಿಂದಲೇ, ಕಪ್ಪುಕುಳಿಗೆ ಊಟ ಹೋಗುವುದೂ ಕೊನೆಗೆ ಅದೇ ದಾಸ್ತಾನಿನಿಂದ. ತೊಂದರೆ ಏನಪ್ಪಾ ಅಂದರೆ ಹೈಡ್ರೋಜನ್ ಅಣು ಮಾತಾಡುವುದಿಲ್ಲ. ಒಂದೇ ಥರದ ಎರಡು ಪರಮಾಣು ಅಂಟಿಕೊಂಡಿರುತ್ತವೆ, ಆ ಕಡೆ ಈ ಕಡೆ ಅನ್ನುವ ವ್ಯತ್ಯಾಸವೇ ಇಲ್ಲ. ಸುತ್ತಿದರೂ ರೇಡಿಯೋ ಅಲೆ ಹೊರಡುವುದಿಲ್ಲ. ಅದರ ಅತಿ ಸುಲಭದ ಗೆರೆ 28 ಮೈಕ್ರಾನಿನದು. ಅದು ಹೊಮ್ಮಬೇಕಾದರೂ ಅನಿಲ ನೂರಾರು ಕೆಲ್ವಿನ್ ಬಿಸಿಯಾಗಿರಬೇಕು. ನಮ್ಮ ಅನಿಲ ಇರುವುದು ಕೆಲವೇ ಹತ್ತು ಕೆಲ್ವಿನ್‌ನಲ್ಲಿ.

ಹಾಗಾಗಿ ಅದರ ಜೊತೆಗಿರುವ ಕಾರ್ಬನ್ ಮಾನಾಕ್ಸೈಡನ್ನು ನೋಡುತ್ತೇವೆ. ಸುಮಾರು ಹತ್ತು ಸಾವಿರ ಹೈಡ್ರೋಜನ್ ಅಣುವಿಗೆ ಒಂದು ಇರುತ್ತದೆ. ಆದರೆ ಬಾಯಿ ಜೋರು. ಸುತ್ತುತ್ತಾ ಒಂದೊಂದೇ ಮೆಟ್ಟಿಲು ಇಳಿಯುವಾಗ ಒಂದೊಂದು ಗೆರೆ ಬಿಡುತ್ತದೆ. ಮೊದಲ ಮೆಟ್ಟಿಲು 115.27 ಗಿಗಾಹರ್ಟ್ಸ್, ಎರಡನೆಯದು 230.54, ಹೀಗೆ ಮೇಲಕ್ಕೆ ಹೋಗಿ ಆರನೆಯದು 691.47. ನಮ್ಮೂರು ತಿಪಟೂರಿನ ಕಡೆ ಜಾತ್ರೆಯಲ್ಲಿ ಗುಡಿ ಮುಂದೆ ಬಿಟ್ಟ ಚಪ್ಪಲಿ ರಾಶಿ ನೋಡಿ ಒಳಗೆ ಎಷ್ಟು ಜನ ಇದ್ದಾರೆ ಅಂತ ಲೆಕ್ಕ ಹಾಕುವವರಿದ್ದಾರೆ. ನಮ್ಮ ಕೆಲಸವೂ ಅದೇ. ಜನ ಕಾಣುವುದಿಲ್ಲ, ಚಪ್ಪಲಿ ಎಣಿಸುತ್ತೇವೆ. ಬರಿಗಾಲಲ್ಲಿ ಬಂದವರೆಷ್ಟು ಅನ್ನುವ ಜಗಳ ಮುಂದೆ ಬರುತ್ತದೆ.

ಈ ಎಣಿಕೆ ಹೊಸದಲ್ಲ. 1994ರಲ್ಲಿ ಕ್ಲೋವರ್‌ಲೀಫ್ ಕ್ವೇಸಾರಿನಲ್ಲಿ ಸಿಕ್ಕಿತು. 1996ರಲ್ಲಿ ರೆಡ್‌ಶಿಫ್ಟ್ (ವಿಶ್ವ ಹಿಗ್ಗಿದ್ದರಿಂದ ಬೆಳಕು ಎಷ್ಟು ಜಾರಿದೆ ಅನ್ನುವ ಅಳತೆ, ಹೆಚ್ಚಿದಷ್ಟೂ ದೂರ) 4.69ರ ಬಿಆರ್ 1202-0725 ಅನ್ನುವ ಕ್ವೇಸಾರಿನಲ್ಲಿ ಫ್ರಾನ್ಸಿನ ಪ್ಲಾಟೋ ದ ಬ್ಯೂರ್ ಮತ್ತು ಜಪಾನಿನ ನೊಬೆಯಾಮಾ, ಎರಡೂ ದೂರದರ್ಶಕದವರಿಗೆ ಸಿಕ್ಕಿತು. 2003ರಲ್ಲಿ ರೆಡ್‌ಶಿಫ್ಟ್ 6.42ರ ಜೆ1148+5251. ಅದರಲ್ಲಿ 2,000 ಕೋಟಿ ಸೂರ್ಯರ ತೂಕದಷ್ಟು ಅನಿಲ ಇದೆ ಅಂದಾಗ ಎಲ್ಲರಿಗೂ ಆಶ್ಚರ್ಯ. ಅಷ್ಟು ಹೊತ್ತಿಗಾಗಲೇ ಅಷ್ಟೊಂದು ಕಾರ್ಬನ್, ಆಮ್ಲಜನಕ ಎಲ್ಲಿಂದ ಬಂತು? ಅವನ್ನು ಅಡುಗೆ ಮಾಡಿ ಚೆಲ್ಲಿದ ನಕ್ಷತ್ರಗಳು ಆಗಲೇ ಹುಟ್ಟಿ ಸತ್ತಿದ್ದವು ಅಂತ ತಾನೇ?

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ವಿಶ್ವ ಹಿಗ್ಗಿದಂತೆ ಗೆರೆಯ ಫ್ರೀಕ್ವೆನ್ಸಿ ಕೆಳಗೆ ಜಾರುತ್ತದೆ. ರೆಡ್‌ಶಿಫ್ಟಿಗೆ ಒಂದು ಕೂಡಿಸಿ ಭಾಗಿಸಿದರೆ ಆಯಿತು. ನನ್ನ ಕ್ವೇಸಾರಿನ ರೆಡ್‌ಶಿಫ್ಟ್ 6.10 ಅಂತ ಅಂದುಕೊಂಡಿದ್ದೆ. 691.47ನ್ನು 7.10ರಿಂದ ಭಾಗಿಸಿದರೆ 97.39 ಗಿಗಾಹರ್ಟ್ಸ್. ಅದು ಆಲ್ಮಾದ ಮೂರನೇ ಬ್ಯಾಂಡಿನಲ್ಲಿ, 84ರಿಂದ 116 ಗಿಗಾಹರ್ಟ್ಸ್ ಒಳಗೆ, ಆರಾಮಾಗಿ ಬೀಳುತ್ತದೆ. ನೋಡುವ ಒಂದು ಕಿಟಕಿಯ ಅಗಲ 1.875 ಗಿಗಾಹರ್ಟ್ಸ್. ಅದನ್ನು 97.39ರ ಮೇಲೆ ಸರಿಯಾಗಿ ಕೂರಿಸಿದೆ. ಪಕ್ಕಕ್ಕೆ ಇನ್ನೊಂದು ಕಿಟಕಿ ಅಂಟಿಸಲು ಅವಕಾಶ ಇತ್ತು. ಮೇಲಿನ ಫ್ರೀಕ್ವೆನ್ಸಿ ಕಡೆಗೆ ಅಂಟಿಸಿದೆ. ಯಾಕೆ ಅಂತ ಕೇಳಬೇಡಿ. ಯೋಚನೆ ಮಾಡಿರಲಿಲ್ಲ. ಉಳಿದೆರಡು ಕಿಟಕಿ ಇನ್ನೊಂದು ಸೈಡ್‌ಬ್ಯಾಂಡಿನಲ್ಲಿ, ಅಂದರೆ ದೂರದ ಇನ್ನೊಂದು ಫ್ರೀಕ್ವೆನ್ಸಿ ಪಟ್ಟಿಯಲ್ಲಿ, ದೂಳಿನ ಬೆಳಕು ಅಳೆಯಲು.

ಅಸಲಿ ರೆಡ್‌ಶಿಫ್ಟ್ 6.17. ಗೆರೆ ಕೂತಿದ್ದದ್ದು 96.44ರಲ್ಲಿ. ನನ್ನ ಕಿಟಕಿಯ ಕೆಳ ಅಂಚು 96.45. ಇಷ್ಟು ಸರಿಯಾಗಿ ತಪ್ಪಬೇಕಾದರೂ ಅದೃಷ್ಟ ಬೇಕು.

6.10 ಎಲ್ಲಿಂದ ಬಂತು? ಬೆಳಕಿನ ಸ್ಪೆಕ್ಟ್ರಮ್‌ನಿಂದ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್ ಕ್ವೇಸಾರುಗಳಲ್ಲಿ ಒಂದು ಅಗಲವಾದ ಗೆರೆ ಬಿಡುತ್ತದೆ. ನಾವೆಲ್ಲ ಅದಕ್ಕೆ ಸಿ-ಫೋರ್ ಅನ್ನುತ್ತೇವೆ. ಅದರಿಂದ ಅಳೆದಿದ್ದೆ. ಇನ್ನೂ ನಂಬಿಕೆಯ ಗೆರೆ ಮೆಗ್ನೀಸಿಯಂನದು. ಆದರೆ ಈ ರೆಡ್‌ಶಿಫ್ಟ್‌ನಲ್ಲಿ ಅದು 2 ಮೈಕ್ರಾನ್ ಹತ್ತಿರ ಬರುತ್ತದೆ. ನಮ್ಮ ಗಾಳಿಯ ನೀರಾವಿ, ಕಾರ್ಬನ್ ಡೈಆಕ್ಸೈಡ್ ಬೆಳಕನ್ನು ನುಂಗುವ ಜಾಗ ಅದು. ನನ್ನ ಹತ್ತಿರ ಇದ್ದ ಸ್ಪೆಕ್ಟ್ರಮ್‌ನಲ್ಲಿ ಆ ಭಾಗ ಬರೀ ಮುಳ್ಳು ಬೇಲಿ. ಬಿಟ್ಟುಬಿಟ್ಟೆ.

ಧಾರವಾಡದ ಕಡೆಯ ಒಬ್ಬ ಸೀನಿಯರ್ ಇದ್ದಾರೆ, ಬೇರೆ ದೇಶದಲ್ಲಿ ಇದೇ ಕೆಲಸ ಮಾಡುತ್ತಾರೆ. ನಾನು ಅಕ್ಕ ಅಂತಲೇ ಕರೆಯುವುದು. ಅರ್ಧ ಗೆರೆಯ ಚಿತ್ರ ಕಳಿಸಿದ ಐದೇ ನಿಮಿಷಕ್ಕೆ ಫೋನ್ ಬಂತು.

"ಸಿ-ಫೋರ್ ನಂಬಿದೇನು ತಮ್ಮಾ? ಅದು ಗಾಳಿ ಮಾತು."

ಮೊದಲು ತಮಾಷೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಅಕ್ಷರಶಃ ನಿಜ. ಆ ಕಾರ್ಬನ್ ಇರುವುದು ಕಪ್ಪುಕುಳಿಯ ಹತ್ತಿರದಿಂದ ಹೊರಗೆ ಬೀಸುವ ಬಿಸಿಗಾಳಿಯಲ್ಲಿ. ನಮ್ಮ ಕಡೆ ಬೀಸುವುದರಿಂದ ಗೆರೆ ನೀಲಿ ಕಡೆಗೆ ಸರಿಯುತ್ತದೆ. ರೆಡ್‌ಶಿಫ್ಟ್ ಇದ್ದದ್ದಕ್ಕಿಂತ ಕಮ್ಮಿ ತೋರಿಸುತ್ತದೆ. ದೂರದ, ಪ್ರಖರ ಕ್ವೇಸಾರುಗಳಲ್ಲಿ ಈ ಜಾರುವಿಕೆ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ಇರಬಹುದು. ನನ್ನದು ಸುಮಾರು 3,000.

"ಇನ್ನೊಂದು ಕಿಟಕಿ ಯಾವ ಕಡೆ ಇಟ್ಟಿ?"

"ಮೇಲಿನ ಕಡೆ, ಅಕ್ಕಾ."

"ಗಾಳಿ ಹೇಳಿದ್ದಕ್ಕಿಂತ ಖರೇ ಗೆರಿ ಯಾವಾಗಲೂ ಕೆಳಗ ಇರ್ತದ. ಕೆಳಗ ಇಡಬೇಕಿತ್ತಲ್ಲೋ."

ಅಷ್ಟೇ. ಕೆಳಗೆ ಇಟ್ಟಿದ್ದರೆ ಪೂರ್ತಿ ಗೆರೆ ಬರುತ್ತಿತ್ತು. ಈ ಕೆಲಸಕ್ಕೆ ಹೊಸದಾಗಿ ಕೈ ಹಾಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಮೆಗ್ನೀಸಿಯಂ ಗೆರೆ ಸಿಕ್ಕುವ ತನಕ ದೂರದರ್ಶಕದ ಸಮಯ ಕೇಳಿ ಅರ್ಜಿ ಬರೆಯಬೇಡಿ. ಸಿಕ್ಕದೇ ಇದ್ದರೆ ಜಾಗ ಕೆಳಗಡೆ ಬಿಡಿ.

ಅರ್ಧ ಗೆರೆಯೂ ಪೂರ್ತಿ ವ್ಯರ್ಥ ಆಗಲಿಲ್ಲ. ಗೆರೆ ಇದೆ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತಲ್ಲ. ಅದನ್ನೇ ಹಿಡಿದುಕೊಂಡು ಏಪ್ರಿಲ್‌ನಲ್ಲಿ ಮತ್ತೆ ಅರ್ಜಿ ಹಾಕಿದೆ. ಅರ್ಜಿಯಲ್ಲಿ ಹೆಸರು ಇರುವಂತಿಲ್ಲ, 'ನಾವು ಹೋದ ವರ್ಷ ಮಾಡಿದಂತೆ' ಅಂತಲೂ ಬರೆಯುವಂತಿಲ್ಲ. ಓದುವವರಿಗೆ ಬರೆದವರು ಯಾರು ಅಂತ ಗೊತ್ತಾಗಬಾರದು. ನನ್ನ ಅರ್ಧ ಗೆರೆಯನ್ನು ನಾನೇ ಮೂರನೆಯವನ ಹಾಗೆ 'ಈಗಾಗಲೇ ಲಭ್ಯವಿರುವ ದತ್ತಾಂಶದಲ್ಲಿ ಒಂದು ಗೆರೆ ಅಂಚಿನಲ್ಲಿ ತುಂಡಾಗಿದೆ' ಅಂತ ಬರೆದೆ. ಯಾರೋ ಪಾಪ ಎಡವಟ್ಟು ಮಾಡಿಕೊಂಡಿದ್ದಾರೆ ಅನ್ನುವ ಧಾಟಿಯಲ್ಲಿ. ಅರ್ಜಿ ಹಾಕಿದವರೇ ಬೇರೆಯವರ ಹತ್ತು ಅರ್ಜಿ ಓದಿ ಸಾಲಾಗಿ ಜೋಡಿಸಿ ಕೊಡಬೇಕು ಅನ್ನುವ ಪದ್ಧತಿ 2021ರಿಂದ ಇದೆ. ಬೇಜಾರಿನ ಕೆಲಸ ಅಂತ ಗೊಣಗುವವರು ಜಾಸ್ತಿ. ನನಗೆ ಮಾತ್ರ ಅದರಿಂದ ಉಪಯೋಗವಾಯಿತು. ಹತ್ತು ಅರ್ಜಿ ಓದಿದ ಮೇಲೆ ನನ್ನ ಅರ್ಜಿಯ ಮೊದಲ ಪುಟ ಎಷ್ಟು ನೀರಸ ಅಂತ ಗೊತ್ತಾಯಿತು.

ಈ ಸಲ ಎರಡು ಗೆರೆ ಕೇಳಿದೆ. ಒಂದು ಅದೇ ಆರನೇ ಮೆಟ್ಟಿಲಿನ ಗೆರೆ, 96.44ರಲ್ಲಿ, ಎರಡೂ ಕಡೆ ಜಾಗ ಬಿಟ್ಟು. ಇನ್ನೊಂದು ಒಂದು ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್‌ನ 158 ಮೈಕ್ರಾನ್ ಗೆರೆ. ಹುಟ್ಟಿದ ಜಾಗದಲ್ಲಿ ಅದು 1,900.5 ಗಿಗಾಹರ್ಟ್ಸ್, ನಮ್ಮ ಹತ್ತಿರ ಬರುವ ಹೊತ್ತಿಗೆ 265.07. ಬಹಳ ಪ್ರಖರವಾದ ಗೆರೆ. ದೂರದ ಕ್ವೇಸಾರುಗಳ ಮನೆ ನೋಡಲು ಇವತ್ತು ಎಲ್ಲರೂ ಓಡುವುದು ಅದರ ಹಿಂದೆಯೇ. ಸ್ವಲ್ಪ ಜಾಸ್ತಿಯೇ ಓಡುತ್ತೇವೆ ಅಂತ ನನ್ನ ಅಭಿಪ್ರಾಯ. ಅದು ಅಣು ಅನಿಲದಿಂದ ಮಾತ್ರ ಬರುವುದಲ್ಲ. ಪರಮಾಣು ಅನಿಲದಿಂದಲೂ ಬರುತ್ತದೆ, ನಕ್ಷತ್ರಗಳ ಬಿಸಿಲಿಗೆ ಕಾದ ಮೋಡದ ಅಂಚಿನಿಂದಲೂ ಬರುತ್ತದೆ. ಗ್ಯಾಲಕ್ಸಿ ಹೇಗೆ ಸುತ್ತುತ್ತಿದೆ ಅಂತ ನೋಡಲು ಚಿನ್ನದಂಥ ಗೆರೆ. ಅಣು ಅನಿಲ ತೂಗಲು ಅದೊಂದನ್ನೇ ನೆಚ್ಚಿಕೊಂಡರೆ ಚಪ್ಪಲಿ ಜೊತೆಗೆ ಗುಡಿ ಮುಂದಿನ ಸೈಕಲ್ಲು, ಬೈಕು ಎಲ್ಲ ಸೇರಿಸಿ ಎಣಿಸಿದಂತೆ.

ಫೆಬ್ರವರಿಯಲ್ಲಿ ಅಲ್ಲಿ ಕೆಲಸ ನಿಲ್ಲುತ್ತದೆ. ಅಟಕಾಮಾದಲ್ಲೂ ಒಂದು ಮಳೆಗಾಲ ಇದೆ, ಬೊಲಿವಿಯಾ ಕಡೆಯಿಂದ ತೇವದ ಗಾಳಿ ಬರುತ್ತದೆ. ಎಲ್ಲರೂ ನನ್ನನ್ನು ಕೇಳುವುದು 'ಚಿಲಿಗೆ ಯಾವಾಗ ಹೋಗ್ತೀಯಾ' ಅಂತ. ಹೋಗೇ ಇಲ್ಲ. ಆಂಟೆನಾಗಳು ಇರುವುದು 5,000 ಮೀಟರ್ ಎತ್ತರದ ಚಾಹ್ನಂತೋರ್ ಬಯಲಿನಲ್ಲಿ, ನಡೆಸುವವರು ಕೂರುವುದು 2,900 ಮೀಟರಿನ ಕೇಂದ್ರದಲ್ಲಿ. ನಾನು ಕೂರುವುದು ಜರ್ಮನಿಯ ಒಂದು ಊರಿನಲ್ಲಿ, ಹೀಟರ್ ಪಕ್ಕ. ಏನು ನೋಡಬೇಕು ಅಂತ ಒಂದು ಫೈಲ್ ಬರೆದು ಕಳಿಸುತ್ತೇವೆ. ಹವೆ ಸರಿ ಇದ್ದ ದಿನ ಅವರು ನೋಡುತ್ತಾರೆ.

ಹವೆ ಸರಿ ಅಂದರೆ ಒಣ ಹವೆ. ನೀರಾವಿಯೇ ಈ ಅಲೆಗಳ ಶತ್ರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ 10.4 ಮೀಟರಿನ ಮಿಲಿಮೀಟರ್ ಅಲೆಯ ಡಿಶ್ ಇತ್ತು. ವಿದ್ಯಾರ್ಥಿಯಾಗಿದ್ದಾಗ ಅದನ್ನು ನೋಡಿ, ಸದಾಶಿವನಗರದ ನಡುವೆ ಕೂತು, ಈ ಮೋಡದ ಕೆಳಗೆ ಆಕಾಶದ ಕಾರ್ಬನ್ ಮಾನಾಕ್ಸೈಡ್ ಕೇಳಿಸಿಕೊಳ್ಳುವುದು ಎಂಥ ಹಠ ಅನ್ನಿಸಿತ್ತು. ಅದೇ ವರ್ಷ ಗೌರಿಬಿದನೂರಿಗೂ ಕರೆದುಕೊಂಡು ಹೋಗಿದ್ದರು. ಅಲ್ಲಿ 34.5 ಮೆಗಾಹರ್ಟ್ಸ್‌ನ ಟಿ ಆಕಾರದ ಆಂಟೆನಾ ಸಾಲು. ಒಂದೇ ಆಕಾಶ, ಎರಡು ಕಡೆ ಫ್ರೀಕ್ವೆನ್ಸಿಯಲ್ಲಿ ಸಾವಿರಾರು ಪಟ್ಟು ವ್ಯತ್ಯಾಸ. ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಯಾವ ಕಡೆ ಹೋಗಬೇಕು ಅಂತ ನಿರ್ಧಾರ ಮಾಡಿದ್ದೆ ಅಂತ ಹೇಳಿದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ನಿದ್ದೆ ಮಾಡುತ್ತಿದ್ದೆ.

ಡೇಟಾ ಶುದ್ಧ ಮಾಡುವುದನ್ನು ನಾನು ಕಲಿತದ್ದು ಬಿಆರ್ 1202-0725ರ ಮೇಲೆ. ಆಲ್ಮಾ ಶುರುವಿನಲ್ಲಿ ಪರೀಕ್ಷೆಗೆ ಅಂತ ನೋಡಿದ್ದ ಡೇಟಾವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತ್ತು. ಅದರಲ್ಲಿ ಈ ಕ್ವೇಸಾರಿನ ಕಾರ್ಬನ್ ಗೆರೆ ಇದೆ, 334 ಗಿಗಾಹರ್ಟ್ಸ್ ಹತ್ತಿರ. ದಕ್ಷಿಣಕ್ಕೆ ಕ್ವೇಸಾರ್, ಉತ್ತರಕ್ಕೆ ಸುಮಾರು 4 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು) ದೂರದಲ್ಲಿ ದೂಳು ಮುಚ್ಚಿದ ಇನ್ನೊಂದು ಗ್ಯಾಲಕ್ಸಿ. ಎರಡೂ ಜೋರಾಗಿ ಬೆಳಗುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ತಪ್ಪು ಮಾಡಿದರೂ ಗೆರೆ ಕಾಣುತ್ತದೆ, ಅಷ್ಟು ಪ್ರಖರ. ಆದರೆ ಅಭ್ಯಾಸ ಅಲ್ಲೇ ಕೆಡುವುದು. ನಿಮ್ಮ ಸ್ವಂತ ಕ್ವೇಸಾರ್ ಅಷ್ಟು ಉದಾರಿ ಆಗಿರುವುದಿಲ್ಲ.

ಆಂಟೆನಾಗಳನ್ನು ಜೋಡಿ ಜೋಡಿಯಾಗಿ ಕೂಡಿಸುತ್ತಾರೆ. 43 ಆಂಟೆನಾ ಇದ್ದರೆ 903 ಜೋಡಿ. ಒಂದೊಂದು ಜೋಡಿಯೂ ಆಕಾಶದ ಒಂದೊಂದು ಎಳೆ ಹಿಡಿಯುತ್ತದೆ. ಅದನ್ನೆಲ್ಲ ಸೇರಿಸಿ ಚಿತ್ರ ಮಾಡುವುದು ಕಾಸಾ ಅನ್ನುವ ಸಾಫ್ಟ್‌ವೇರ್. ಆಂಟೆನಾಗಳನ್ನು ಸರಿಹೊಂದಿಸಲು ಹತ್ತಿರದ ಒಂದು ಪ್ರಖರ ಬಿಂದುವನ್ನು ನಿಮಿಷ ನಿಮಿಷಕ್ಕೂ ನೋಡಬೇಕು. ಅದು ಏನು ಗೊತ್ತಾ? ಹೆಚ್ಚಿನ ಸಲ ಇನ್ನೊಂದು ಕ್ವೇಸಾರ್, ನಮಗೆ ಹತ್ತಿರದ್ದು, ರೇಡಿಯೋದಲ್ಲಿ ಜೋರಾಗಿ ಕೂಗುವಂಥದ್ದು. ಕ್ವೇಸಾರ್ ನೋಡಲು ಕ್ವೇಸಾರನ್ನೇ ತಕ್ಕಡಿ ಬಟ್ಟು ಮಾಡಿಕೊಳ್ಳುತ್ತೇವೆ. ಇದನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿಗೆ ಬೇಕಾಗುತ್ತದೆ.

ಎರಡನೇ ಸಲದ ಡೇಟಾ ಬಂತು. ಆರನೇ ಮೆಟ್ಟಿಲಿನ ಗೆರೆ ಪೂರ್ತಿ ಇತ್ತು, ನಡುವೆ, ಅಚ್ಚುಕಟ್ಟಾಗಿ. ಕಾರ್ಬನ್ ಗೆರೆ ಅದಕ್ಕಿಂತ ಎಷ್ಟೋ ಜೋರು. ಅದರ ಎರಡೂ ಪಕ್ಕಕ್ಕೆ ಕಣ್ಣು ಹಾಯಿಸಿದಾಗ ಎದೆ ಡವಡವ ಅಂದಿತು. ಗೆರೆಯ ಬುಡದಲ್ಲಿ ಎರಡು ತೆಳ್ಳಗಿನ ರೆಕ್ಕೆ. ಗೆರೆಯ ಅಗಲವನ್ನು ನಾವು ಅನಿಲದ ವೇಗದಲ್ಲಿ ಹೇಳುತ್ತೇವೆ; ಇವು ಸೆಕೆಂಡಿಗೆ 800 ಕಿಲೋಮೀಟರ್ ತನಕ ಚಾಚಿದ್ದವು.

ರೆಕ್ಕೆ ಅಂದರೆ ಈ ವಿಷಯದಲ್ಲಿ ಸಣ್ಣ ಮಾತಲ್ಲ. ಕಪ್ಪುಕುಳಿಯ ಅಬ್ಬರಕ್ಕೆ ಅನಿಲ ಗ್ಯಾಲಕ್ಸಿಯಿಂದಲೇ ಆಚೆ ಚಿಮ್ಮುತ್ತಿದೆ ಅಂತ ಅರ್ಥ. ತನ್ನ ಅಡುಗೆಮನೆಯನ್ನು ತಾನೇ ಖಾಲಿ ಮಾಡುತ್ತಿದೆ ಅಂತ. ಸಿದ್ಧಾಂತದವರು ಬಹಳ ವರ್ಷದಿಂದ ಹೀಗಾಗಬೇಕು ಅನ್ನುತ್ತಲೇ ಇದ್ದಾರೆ. ನಾನು ಖಾಲಿ ಆಕಾಶದ ಕಡೆ ನೋಡಿ ಪರೀಕ್ಷೆ ಮಾಡಿದೆ. ಅಲ್ಲಿ ರೆಕ್ಕೆ ಇರಲಿಲ್ಲ. ಅಂದರೆ ಇದು ಗದ್ದಲ ಅಲ್ಲ! ಅವತ್ತು ಸಂಜೆ ಮನೆಗೆ ಹೋಗಿ ಶಾವಿಗೆ ಪಾಯಸ ಮಾಡಿದೆ.

ಅಕ್ಕನಿಗೆ ಚಿತ್ರ ಕಳಿಸಿದೆ. ಈ ಸಲ ಫೋನ್ ಬರಲಿಲ್ಲ. ಒಂದು ಸಾಲಿನ ಮೆಸೇಜ್ ಬಂತು: "ಕ್ಯಾಲಿಬ್ರೇಟರ್ ಸ್ಪೆಕ್ಟ್ರಮ್ ನೋಡಿದೇನು?"

ನೋಡಿರಲಿಲ್ಲ. ಯಾರು ನೋಡುತ್ತಾರೆ? ಅದು ತಕ್ಕಡಿ ಬಟ್ಟು. ಅದರಲ್ಲಿ ಗೆರೆ ಇಲ್ಲ, ಸಪಾಟಾಗಿರಬೇಕು. ತೆಗೆದು ನೋಡಿದೆ. ಎರಡು ಕಿಟಕಿ ಸೇರುವ ಜಾಗದಲ್ಲಿ ಒಂದು ಸಣ್ಣ ಮೆಟ್ಟಿಲು. ನೂರಕ್ಕೆ ಎರಡು, ಮೂರರಷ್ಟು. ಒಂದು ಕಿಟಕಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ತೂಗುತ್ತಿತ್ತು.

ನನ್ನ ಕ್ವೇಸಾರಿನ ಮನೆಯಲ್ಲಿ ಬಿಸಿ ದೂಳು ಇದೆ. ಅದು ಎಲ್ಲ ಫ್ರೀಕ್ವೆನ್ಸಿಯಲ್ಲೂ ಬೆಳಗುತ್ತದೆ. ಗೆರೆ ಬೇಕಾದರೆ ಮೊದಲು ಆ ಬೆಳಕನ್ನು ಕಳೆಯಬೇಕು. ಗೆರೆ ಇಲ್ಲದ ಜಾಗ ಆರಿಸಿಕೊಂಡು ಅಲ್ಲಿ ಒಂದು ನೇರ ರೇಖೆ ಎಳೆದು ಕಳೆಯುತ್ತೇವೆ. ದೂಳಿನ ಬೆಳಕಿನಲ್ಲಿ ನೂರಕ್ಕೆ ಎರಡು, ಮೂರರಷ್ಟು ಮೆಟ್ಟಿಲು ಇದ್ದು, ಅದರ ಮೇಲೆ ನೇರ ರೇಖೆ ಎಳೆದರೆ, ಒಂದಷ್ಟು ಬೆಳಕು ಕಳೆಯದೆ ಉಳಿಯುತ್ತದೆ. ಉಳಿದದ್ದು ಗೆರೆಯ ಬುಡದಲ್ಲಿ ರೆಕ್ಕೆಯಂತೆ ಕೂರುತ್ತದೆ. ನನ್ನ ರೆಕ್ಕೆಯ ಎತ್ತರವೂ ಸರಿಯಾಗಿ ಅಷ್ಟೇ ಇತ್ತು. ಖಾಲಿ ಆಕಾಶದಲ್ಲಿ ಯಾಕೆ ಕಾಣಲಿಲ್ಲ? ಅಲ್ಲಿ ದೂಳೇ ಇಲ್ಲವಲ್ಲ. ತಪ್ಪು ಅಂಟಿಕೊಂಡಿದ್ದದ್ದು ದೂಳಿನ ಬೆಳಕಿಗೆ. ನನ್ನ ಪರೀಕ್ಷೆ ಆ ತಪ್ಪನ್ನು ಹಿಡಿಯುವಂಥದ್ದೇ ಆಗಿರಲಿಲ್ಲ.

ಕಿಟಕಿಗಳನ್ನು ಒಂದಕ್ಕೊಂದು ಸರಿಹೊಂದಿಸಿ, ಗೆರೆಯಿಂದ ಇನ್ನೂ ದೂರದ ಜಾಗಗಳನ್ನು ಆರಿಸಿ ಮತ್ತೆ ಕಳೆದೆ. ಎಡ ರೆಕ್ಕೆ ಪೂರ್ತಿ ಹೋಯಿತು. ಬಲ ರೆಕ್ಕೆ ಗದ್ದಲದೊಳಗೆ ಕರಗಿತು. ಪಾಯಸ ಮಾತ್ರ ಹೊಟ್ಟೆಯಲ್ಲಿತ್ತು.

ನನ್ನಂಥವನಿಗೆ ಮಾತ್ರ ಆಗುವ ಕಥೆ ಅಲ್ಲ ಇದು. ಜೆ1148+5251ರಲ್ಲಿ ಇದೇ ಕಾರ್ಬನ್ ಗೆರೆಗೆ ಅಗಲವಾದ ರೆಕ್ಕೆ ಇದೆ ಅಂತ ಮೊದಲು ವರದಿಯಾಗಿತ್ತು. ಆಮೇಲೆ ಪ್ಲಾಟೋ ದ ಬ್ಯೂರ್‌ನ ಅದೇ ಜಾಗದಲ್ಲಿ ಬೆಳೆದು ನಿಂತ ನೋಯ್ಮಾ ದೂರದರ್ಶಕ ಇನ್ನೂ ಅಗಲವಾದ ಬ್ಯಾಂಡಿನಲ್ಲಿ ನೋಡಿತು. ದೂಳಿನ ಬೆಳಕನ್ನು ಚೆನ್ನಾಗಿ ಅಳೆದ ಮೇಲೆ ರೆಕ್ಕೆ ಇದೆ ಅಂತ ಹೇಳುವ ಅಗತ್ಯ ಬೀಳುವುದಿಲ್ಲ ಅಂತ 2022ರ ಪ್ರಬಂಧ ಹೇಳಿತು. ಮೊದಲು ರೆಕ್ಕೆ ಕಂಡವರಲ್ಲಿ ಕೆಲವರು ಆ ಪ್ರಬಂಧದಲ್ಲೂ ಇದ್ದಾರೆ. ನನಗೆ ಇಷ್ಟವಾದದ್ದು ಅದು.

ಈಗ ತೂಕ. ಬರಿಗಾಲಿನವರ ಜಗಳ.

ಗೆರೆಯ ಬೆಳಕಿನಿಂದ ಅಣು ಅನಿಲದ ತೂಕಕ್ಕೆ ಹೋಗಲು ಒಂದು ಗುಣಕ ಇದೆ, ಆಲ್ಫಾ ಅನ್ನುತ್ತೇವೆ. ಒಂದು ಚಪ್ಪಲಿ ಜೊತೆಗೆ ಎಷ್ಟು ಜನ ಅಂತ. ನಮ್ಮ ಕ್ಷೀರಪಥದಲ್ಲಿ ಅದು ಸುಮಾರು 4.3. ಅನಿಲ ಕಿಕ್ಕಿರಿದು, ಕಲಕಿಹೋಗಿ, ಬಿರುಸಿನಿಂದ ನಕ್ಷತ್ರ ಹುಟ್ಟುತ್ತಿರುವ ಗ್ಯಾಲಕ್ಸಿಗಳಲ್ಲಿ 0.8. ಹೆಚ್ಚಿನವರು ಕ್ವೇಸಾರಿಗೆ 0.8 ಹಾಕುತ್ತಾರೆ. ಎಲ್ಲರೂ ಹಾಕುತ್ತಾರೆ ಅಂತ ನಾನೂ ಹಾಕಿದೆ. ಸುಮಾರು 2,000 ಕೋಟಿ ಸೂರ್ಯರ ತೂಕ ಬಂತು. ಕುತೂಹಲಕ್ಕೆ 4.3 ಹಾಕಿ ನೋಡಿದೆ. ಹೆಚ್ಚು ಕಡಿಮೆ 11,000 ಕೋಟಿ.

ಐದು ಪಟ್ಟಿಗೂ ಜಾಸ್ತಿ ವ್ಯತ್ಯಾಸ, ಒಂದೇ ಗೆರೆಗೆ! ಗೆರೆಯನ್ನು ನೂರಕ್ಕೆ ಹತ್ತರ ಒಳಗೆ ಅಳೆಯಲು ಎರಡು ವರ್ಷ ಒದ್ದಾಡಿದ್ದೆ.

ಇಲ್ಲಿ ಕಾರ್ಬನ್ ಗೆರೆ ಕೈ ಹಿಡಿಯಿತು. ಅದರ ಒಂದು ಪಕ್ಕ ನಮ್ಮ ಕಡೆ ಬರುತ್ತಿತ್ತು, ಇನ್ನೊಂದು ಪಕ್ಕ ದೂರ ಹೋಗುತ್ತಿತ್ತು. ಅಂದರೆ ಅನಿಲ ತಟ್ಟೆಯ ಹಾಗೆ ಸುತ್ತುತ್ತಿದೆ. ಆ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ ಅಂದರೆ ಸುಮಾರು 18,000 ಜ್ಯೋತಿರ್ವರ್ಷ. ತಟ್ಟೆಯ ಅಂಚು ನಡುವಿನಿಂದ ಸುಮಾರು 10,000 ಜ್ಯೋತಿರ್ವರ್ಷ ದೂರ, ವೇಗ ಸೆಕೆಂಡಿಗೆ ಸುಮಾರು 250 ಕಿಲೋಮೀಟರ್. ಅಷ್ಟು ವೇಗದಲ್ಲಿ ಸುತ್ತುವ ಅನಿಲ ಚೆಲ್ಲಿಹೋಗದಂತೆ ಹಿಡಿದಿಡಲು ಒಳಗೆ ಎಷ್ಟು ತೂಕ ಬೇಕು? ಸುಮಾರು 4,000 ಕೋಟಿ ಸೂರ್ಯರದು. ಅನಿಲ, ನಕ್ಷತ್ರ, ಕಪ್ಪುಕುಳಿ ಎಲ್ಲ ಸೇರಿ ಅಷ್ಟೇ. ಇಡೀ ಮನೆಯ ತೂಕ 4,000 ಕೋಟಿ ಇರುವಾಗ ಅಡುಗೆಮನೆಯ ಅಕ್ಕಿ ಒಂದೇ 11,000 ಕೋಟಿ ತೂಗಲು ಆಗುತ್ತದಾ? 4.3 ಹೋಯಿತು. ತಟ್ಟೆ ಎಷ್ಟು ಓರೆಯಾಗಿ ಕಾಣುತ್ತಿದೆ ಅನ್ನುವುದು ಸರಿಯಾಗಿ ಗೊತ್ತಾಗದೆ ಈ 4,000ವೂ ಅತ್ತಿತ್ತ ಸರಿಯುತ್ತದೆ. ಆದರೆ ಮೂರು ಪಟ್ಟು ಸರಿಯಬೇಕಾದರೆ ತಟ್ಟೆ ಬಹುಮಟ್ಟಿಗೆ ನೇರ ನಮ್ಮ ಮುಖಕ್ಕೇ ತಿರುಗಿರಬೇಕು. ಚಿತ್ರದಲ್ಲಿ ಅದು ಹಾಗೆ ಇಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಚಿತ್ರ ಹೊರಬರುತ್ತದೆ. ಕಪ್ಪುಕುಳಿ 100 ಕೋಟಿ, ಮನೆ 4,000 ಕೋಟಿ. ನೂರಕ್ಕೆ ಎರಡೂವರೆ. ನಮ್ಮ ಸುತ್ತಮುತ್ತಲಿನ ದೊಡ್ಡ ಗ್ಯಾಲಕ್ಸಿಗಳಲ್ಲಿ ಇದು ಸುಮಾರು ನೂರಕ್ಕೆ ಅರ್ಧ. ಅಂದರೆ ಈ ಮನೆಯಲ್ಲಿ ಮಗು ಮನೆಗಿಂತ ಮುಂಚೆ ಬೆಳೆದುಬಿಟ್ಟಿದೆ. ದೂರದ ಪ್ರಖರ ಕ್ವೇಸಾರುಗಳಲ್ಲಿ ಹೀಗೆ ಕಾಣುವುದು ಸಾಮಾನ್ಯ. ನಾವು ಪ್ರಖರವಾದವನ್ನೇ ಆರಿಸಿಕೊಂಡು ನೋಡುವುದರಿಂದ ದೊಡ್ಡ ಕಪ್ಪುಕುಳಿಗಳೇ ಬಲೆಗೆ ಬೀಳುತ್ತವೆ ಅನ್ನುವುದನ್ನೂ ಮರೆಯಬಾರದು. ಸಂತೆಗೆ ಬಂದವರಲ್ಲಿ ಜೋರಾಗಿ ಕೂಗುವವರನ್ನೇ ಎಣಿಸಿ ಊರಿನವರೆಲ್ಲ ಗಂಟಲು ದೊಡ್ಡವರು ಅನ್ನುವ ಹಾಗೆ.

0.8 ಗೆದ್ದಿತು ಅಂತ ಅಂದುಕೊಳ್ಳಬೇಡಿ. ಆಲ್ಫಾ ಹಾಕಬೇಕಾದದ್ದು ಮೊದಲ ಮೆಟ್ಟಿಲಿನ ಗೆರೆಗೆ. ನಾನು ಅಳೆದದ್ದು ಆರನೆಯದು. ಆರನೆಯದರಿಂದ ಮೊದಲನೆಯದಕ್ಕೆ ಇಳಿಯಲು ಇನ್ನೊಂದು ಊಹೆ. ಕ್ವೇಸಾರಿನ ಅನಿಲ ಬಿಸಿ, ದಟ್ಟ. ಹಾಗಾಗಿ ಕೆಳಗಿನ ಮೂರು ಮೆಟ್ಟಿಲು ಹೆಚ್ಚು ಕಡಿಮೆ ಪೂರ್ತಿ ತುಂಬಿರುತ್ತವೆ ಅಂತ ಗೊತ್ತಿದೆ. ಐದನೆಯದಕ್ಕೆ ಬರುವಾಗ ನೂರಕ್ಕೆ ಎಪ್ಪತ್ತರ ಹತ್ತಿರ ಇಳಿಯುತ್ತದೆ. ಆರನೆಯದರಲ್ಲಿ ಒಂದೊಂದು ಕ್ವೇಸಾರ್ ಒಂದೊಂದು ಥರ. ಮೇಲಿನ ಮೆಟ್ಟಿಲು ಬಿಸಿ ಅನಿಲವನ್ನು ಮಾತ್ರ ತೋರಿಸುತ್ತದೆ. ತಣ್ಣಗೆ ಮೂಲೆಯಲ್ಲಿ ಕೂತದ್ದು ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಆ ಕಾಲದಲ್ಲಿ ವಿಶ್ವದ ಹಿನ್ನೆಲೆ ಕಾವೇ 19.5 ಕೆಲ್ವಿನ್, ಇವತ್ತಿನ 2.7ರ ಬದಲು. ಅದಕ್ಕಿಂತ ಬಿಸಿಯಾಗಿದ್ದ ಅನಿಲ ಮಾತ್ರ ಕಣ್ಣಿಗೆ ಬೀಳುತ್ತದೆ. ಬಿಳಿ ಗೋಡೆಯ ಮೇಲೆ ಬಿಳಿ ಸುಣ್ಣದ ಗುರುತು ಹುಡುಕಿದ ಹಾಗೆ.

ಪ್ರಬಂಧ ಕಳಿಸಿದಾಗ ಪರಿಶೀಲಿಸಿದವರು ಇದನ್ನೇ ಹಿಡಿದರು. ಆರನೇ ಮೆಟ್ಟಿಲಿನಿಂದ ಮನೆಯ ಅಕ್ಕಿ ತೂಗಬೇಡಿ, ಎರಡನೇ ಮೆಟ್ಟಿಲು ತನ್ನಿ ಅನ್ನುವ ಅರ್ಥದಲ್ಲಿ ಬರೆದಿದ್ದರು. ಮೊದಲು ಸಿಟ್ಟು ಬಂತು. ಎರಡು ದಿನ ಬಿಟ್ಟು ಓದಿದೆ, ಸರಿ ಇತ್ತು. ತೂಕದ ಪಕ್ಕ ಎರಡೂ ಕಡೆಗೆ ದೊಡ್ಡ ಅಂಚು ಬರೆದು, ಶೀರ್ಷಿಕೆಯಿಂದ ಒಂದು ವಿಶೇಷಣ ಕಿತ್ತು ಹಾಕಿ, ಪ್ರಬಂಧ ಅಚ್ಚಾಯಿತು. ರೆಕ್ಕೆಯ ವಿಷಯ ಅದರಲ್ಲಿ ಒಂದು ಸಾಲು ಮಾತ್ರ ಇದೆ: ಕಾಣಲಿಲ್ಲ, ಇದ್ದರೆ ಇಷ್ಟರ ಒಳಗೆ ಇರಬೇಕು ಅಂತ. ಆ ಸಾಲಿಗೆ ನಾಲ್ಕು ತಿಂಗಳು ಹಿಡಿದಿತ್ತು.

ಎರಡನೇ ಮೆಟ್ಟಿಲು ನಮ್ಮ ಹತ್ತಿರ ಬರುವಾಗ 32.15 ಗಿಗಾಹರ್ಟ್ಸ್. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ವಿಎಲ್‌ಎ ರೇಡಿಯೋ ದೂರದರ್ಶಕದ 27 ಆಂಟೆನಾ ಅಲ್ಲಿ ನೋಡಬಲ್ಲವು. ಗೆರೆ ಬಹಳ ಸಣ್ಣದು, ಹತ್ತಾರು ಗಂಟೆ ಬೇಕು. ಅರ್ಜಿ ಹಾಕಿದ್ದೇನೆ. ಅಲ್ಲಿ ಒಂದೇ ಸಲಕ್ಕೆ 8 ಗಿಗಾಹರ್ಟ್ಸ್ ಅಗಲ ಸಿಗುತ್ತದೆ, ಗೆರೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಆದರೂ 230.54ನ್ನು 7.17ರಿಂದ ನಾಲ್ಕು ಸಲ ಭಾಗಿಸಿ ನೋಡಿ, ಅಕ್ಕನಿಗೂ ಒಂದು ಸಲ ಕಳಿಸಿ, ಆಮೇಲೆ ಬಟನ್ ಒತ್ತಿದೆ.

"ಹಾಂ, ಸರಿ ಅದ," ಅಂತ ಉತ್ತರ ಬಂತು. "ಈ ಸಲ ಪಾಯಸ ಕಡೀಕ ಮಾಡು."